ಎಡಿಟೋರಿಯಲ್ ಓದಿದ್ರೆ ಇಂಗ್ಲಿಷ್ ಬರುತ್ತಾ?

ಶಿವರಾತ್ರಿಗೆ ಊರಿಗೆ ಹೋಗಿದ್ದಾಗ ಅಕ್ಕನ ಮಗ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟ. ಅವನೀಗ ಬಿಇ ಮೂರನೇ ವರ್ಷ. ಮುಂದಿನ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಇಂಟರ್‌ವ್ಯೂ ಶುರುವಾಗುತ್ತೆ. “ದಿನಾ ಇಂಗ್ಲಿಷ್ ಪೇಪರ್ ತಗೊಂಡು ಎಡಿಟೋರಿಯಲ್ ಓದಿ, ಹತ್ತು ಹೊಸ ಪದ ಬರ್ಕೊಳ್ಳಿ” ಅಂತ ಟ್ರೈನಿಂಗ್ ಕೊಡೋರು ಹೇಳಿದ್ದಾರಂತೆ. ಹುಡುಗ ಶ್ರದ್ಧೆಯಿಂದ ಆರು ತಿಂಗಳು ಬರೆದಿದ್ದಾನೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ, ಮಧ್ಯೆ ಸ್ಕೇಲಿಟ್ಟು ಎಳೆದ ಗೆರೆ.

ಒಂದು ಪುಟ ತೆಗೆದು ಕೇಳಿದೆ.

“ಇಂಪಾಸ್ ಅಂದ್ರೇನೋ?”

“ಬಿಕ್ಕಟ್ಟು ಮಾಮ. ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ.”

“ಸರಿಯಾಗಿದೆ. ಯಾವ ಸುದ್ದೀಲಿ ಬಂದಿತ್ತು?”

“ಪಾರ್ಲಿಮೆಂಟಿಂದು ಏನೋ ಇತ್ತು ಮಾಮ.”

“ಏನಾಗಿತ್ತಂತೆ ಪಾರ್ಲಿಮೆಂಟಲ್ಲಿ?”

ಹುಡುಗ ತಲೆ ಕೆರೆದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ, “ಇಷ್ಟೆಲ್ಲಾ ಬರೆದ್ರೂ ಬಾಯಿ ಬಿಡೋಕೆ ಆಗ್ತಿಲ್ಲ ಮಾಮ. ನನ್ನ ತಲೇಲೇ ಏನೋ ಕಮ್ಮಿ ಇರ್ಬೇಕು.”

ಆ ಕೊನೆಯ ಮಾತು ಕೇಳಿ ಹೊಟ್ಟೆ ಉರಿಯಿತು. ಅದಕ್ಕೇ ಇದನ್ನು ಬರೀತಿದ್ದೀನಿ. ಎಷ್ಟೋ ವರ್ಷದ ಹಿಂದೆ ಅಂಥದೇ ಮೂರು ನೋಟ್‌ಬುಕ್ ನಾನೂ ತುಂಬಿಸಿದ್ದೆ. ನನ್ನ ತಲೆಯಲ್ಲೂ ಏನೋ ಕಮ್ಮಿ ಇದೆ ಅಂತಲೇ ತಿಳಿದಿದ್ದೆ.

ನಮ್ಮದು ತಿಪಟೂರು ಕಡೆಯ ಹಳ್ಳಿ. ಎಬಿಸಿಡಿ ಕಲಿತಿದ್ದು ಐದನೇ ಕ್ಲಾಸಿನಲ್ಲಿ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಬಿಇ ಸೇರಿದ ಮೇಲೆ ಸೀನಿಯರ್‌ಗಳು, ಮೇಷ್ಟ್ರುಗಳು, ಬಸ್ಸಲ್ಲಿ ಪಕ್ಕ ಕೂತವರು ಎಲ್ಲರೂ ಒಂದೇ ಮಾತು ಹೇಳಿದರು: “ಹಿಂದೂ ಪೇಪರ್ ಓದಪ್ಪ.” ಈಗಲೂ ಅದನ್ನೇ ಹೇಳ್ತಾರೆ. ಪೇಪರಿನ ಮೇಲೆ ನನ್ನ ತಕರಾರಿಲ್ಲ. ಸಂಪಾದಕೀಯ ಬರೆಯುವವರು ವಿಷಯ ಗೊತ್ತಿರುವ, ಭಾಷೆ ಬಲ್ಲ ಓದುಗರಿಗಾಗಿ ಬರೀತಾರೆ, ಅದು ಅವರ ಕೆಲಸ. ಅದನ್ನು ಭಾಷೆ ಬರದವರಿಗೆ ಮೊದಲ ಪಾಠ ಅಂತ ಕೈಗೆ ಕೊಡ್ತಾರಲ್ಲ, ತಕರಾರು ಅದರ ಮೇಲೆ.

ಸ್ವಲ್ಪ ಲೆಕ್ಕ ಹಾಕೋಣ, ಎಂಜಿನಿಯರ್ ತಾನೇ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಒಂದು ಅಂದಾಜು ಕೊಟ್ಟರು. ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಬೇಕಾದರೆ ನೂರಕ್ಕೆ 98 ಪದ ಮೊದಲೇ ಗೊತ್ತಿರಬೇಕು. ಇಂಗ್ಲಿಷ್ ದಿನಪತ್ರಿಕೆ, ಕಾದಂಬರಿಗಳನ್ನು ಹಾಗೆ ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಬೇಕು. ಪದಕುಟುಂಬ ಅಂದರೆ ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು. ಸೊನ್ನೆಯಿಂದ ಶುರುಮಾಡಿ ದಿನಕ್ಕೆ ಹತ್ತರಂತೆ, ಒಂದೂ ಮರೆಯದೆ ಕಲಿತರೂ ಎಂಟು ಸಾವಿರಕ್ಕೆ 800 ದಿನ ಬೇಕು. ಎರಡು ವರ್ಷದ ಮೇಲೆ ಎರಡು ತಿಂಗಳು! ಪಿಯುಸಿ ಮುಗಿಸಿ ಬಂದ ಹುಡುಗನಿಗೆ ಒಂದಷ್ಟು ಸಾವಿರ ಪದ ಗೊತ್ತಿರುತ್ತೆ ಅಂದುಕೊಂಡರೂ ಎಡಿಟೋರಿಯಲ್‌ನ ಪ್ರತಿ ಸಾಲಿನಲ್ಲೂ ಒಂದು ಕಲ್ಲು ಸಿಗುತ್ತೆ. ಪ್ರತಿ ತುತ್ತಲ್ಲೂ ಕಲ್ಲು ಸಿಕ್ಕರೆ ಅನ್ನದ ರುಚಿ ಗೊತ್ತಾಗುತ್ತಾ? ಅವನು ಕಲ್ಲುಗಳನ್ನು ಮಾತ್ರ ಆರಿಸಿ ನೋಟ್‌ಬುಕ್ಕಿನಲ್ಲಿ ಇಟ್ಟಿದ್ದಾನೆ.

ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. ವಾಯ್ಸ್ ಆಫ್ ಅಮೆರಿಕ ರೇಡಿಯೋದವರು 1959ರಲ್ಲೇ ‘ಸ್ಪೆಷಲ್ ಇಂಗ್ಲಿಷ್’ ಅಂತ ಶುರುಮಾಡಿದರು. ಸುಮಾರು 1500 ಪದಗಳ ಪಟ್ಟಿ, ಚಿಕ್ಕ ವಾಕ್ಯ, ನಿಧಾನವಾದ ಓದು, ಅಷ್ಟರಲ್ಲೇ ಲೋಕದ ಸುದ್ದಿ ಹೇಳೋದು. ಬಿಬಿಸಿಯವರ ‘6 ಮಿನಿಟ್ ಇಂಗ್ಲಿಷ್’ನಲ್ಲಿ ಇಬ್ಬರು ಕೂತು ಒಂದು ವಿಷಯದ ಬಗ್ಗೆ ಹರಟುತ್ತಾರೆ, ಶುರುವಿನಲ್ಲಿ ಒಂದು ಪ್ರಶ್ನೆ ಹಾಕಿ ಕೊನೆಯಲ್ಲಿ ಉತ್ತರ ಕೊಡುತ್ತಾರೆ. ಎರಡೂ ಒಳ್ಳೆಯವು. ಕಲಿಯುವವನ ಮೇಲೆ ಮರ್ಯಾದೆ ಇಟ್ಟು ಮಾಡಿದ ಕೆಲಸ. ಆದರೂ ಎರಡರಲ್ಲೂ ನಮ್ಮದು ಕಿವಿಯ ಕೆಲಸ ಅಷ್ಟೇ. ಬೇರೆಯವರ ಮನೆ ಜಗಲಿಯ ಹರಟೆಯನ್ನು ರಸ್ತೆಯಲ್ಲಿ ನಿಂತು ಕೇಳಿಸಿಕೊಂಡ ಹಾಗೆ. ಕೇಳಿ ಕೇಳಿ ಅರ್ಥವಾಗುತ್ತೆ. ಬಾಯಿ?

ಈ ಬಾಯಿಯ ಪ್ರಶ್ನೆ ನನ್ನೊಬ್ಬನದಲ್ಲ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯ ಪಾಠವನ್ನೆಲ್ಲ ಫ್ರೆಂಚಿನಲ್ಲೇ ಮಾಡುವ ಪದ್ಧತಿ ಇದೆ. ವರ್ಷಗಟ್ಟಲೆ ಕಲಿತ ಆ ಮಕ್ಕಳಿಗೆ ಕೇಳಿದ್ದು, ಓದಿದ್ದು ಚೆನ್ನಾಗಿ ಅರ್ಥವಾಗುತ್ತಿತ್ತು, ಮಾತಾಡುವಾಗ, ಬರೆಯುವಾಗ ಮಾತ್ರ ಹಿಂದೆ ಬೀಳುತ್ತಿದ್ದರು. ಇದನ್ನು ನೋಡಿದ ಮೆರಿಲ್ ಸ್ವೇನ್ 1985ರಲ್ಲಿ ಹೇಳಿದ್ದು, ಬರೀ ಒಳಗೆ ಹಾಕಿಕೊಂಡರೆ ಸಾಲದು, ಹೊರಗೆ ತೆಗೆಯಬೇಕು ಅಂತ. ಹೇಳೋಕೆ ಹೋದಾಗಲೇ ತನಗೆ ಯಾವ ಪದ ಬರಲ್ಲ, ಯಾವ ವಾಕ್ಯ ಕಟ್ಟೋಕಾಗಲ್ಲ ಅನ್ನೋದು ಗೊತ್ತಾಗೋದು.

“ಅದಕ್ಕೇ ಗ್ರೂಪ್ ಡಿಸ್ಕಶನ್ ಮಾಡಿಸ್ತೀವಲ್ಲ ಸಾರ್” ಅಂತಾರೆ ಟ್ರೈನಿಂಗಿನವರು. ಆ ಡಿಸ್ಕಶನ್ನೂ ಗೊತ್ತು. ನಾನು ಮೊದಲು ಹೋದ ಕಂಪನಿಯಲ್ಲಿ ಹನ್ನೆರಡು ಜನರನ್ನು ಸುತ್ತಲೂ ಕೂರಿಸಿ ‘ಜಾಗತೀಕರಣ ವರವೋ ಶಾಪವೋ’ ಅಂತ ವಿಷಯ ಕೊಟ್ಟರು. ಹದಿನೈದು ನಿಮಿಷ. ಸಮನಾಗಿ ಹಂಚಿದರೂ ತಲೆಗೆ ಒಂದೂಕಾಲು ನಿಮಿಷ. ನಾನು ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿಗೆ ತಂದು, ವ್ಯಾಕರಣ ನೋಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಮಾತು ಅಮೆರಿಕದಿಂದ ಚೀನಾಕ್ಕೆ ಹೋಗಿರ್ತಿತ್ತು. ಹದಿನೈದು ನಿಮಿಷದಲ್ಲಿ ನಾನು ಆಡಿದ ಒಂದೇ ವಾಕ್ಯ, “ಐ ಅಗ್ರೀ ವಿತ್ ಹಿಮ್.” ಯಾರ ಜೊತೆ ಅಗ್ರೀ ಆಗಿದ್ದೆ ಅಂತ ಇವತ್ತಿಗೂ ಗೊತ್ತಿಲ್ಲ. ಕೆಲಸ ಸಿಗಲಿಲ್ಲ. ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಬೇಕಿರಲಿಲ್ಲ. ಕೇಳೋರೇ ಇಲ್ಲದ ಮೇಲೆ ಚರ್ಚೆ ಎಲ್ಲಿಂದ ಬಂತು?

ಹಾಗಾದರೆ ನನಗೆ ಮಾತು ಬಂದಿದ್ದು ಹೇಗೆ? ತೆಂಗಿನ ನುಸಿಯಿಂದ.

1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ಆಮೇಲೆ ನಮ್ಮ ಕಡೆ ತೋಟಗಳಿಗೂ ಬಂತು. ಆಗ ನಾನು ಹಾಸ್ಟೆಲಿನಲ್ಲಿದ್ದೆ. ಒಂದು ದಿನ ಇಂಗ್ಲಿಷ್ ಪೇಪರಿನ ಒಳಪುಟದಲ್ಲಿ ಅದರದೊಂದು ಚಿಕ್ಕ ಸುದ್ದಿ. ಡಿಕ್ಷನರಿ ಮುಟ್ಟದೆ ಪೂರ್ತಿ ಓದಿದೆ. ಪದಗಳು ಹೊಸವೇ, ‘ಎರಿಯೋಫಿಡ್ ಮೈಟ್’ ಅನ್ನೋದನ್ನು ನಾನೆಲ್ಲಿ ಕೇಳಿದ್ದೆ! ಆದರೆ ವಿಷಯ ನಮ್ಮ ಮನೆಯದು. ತೊಟ್ಟಿನ ಕೆಳಗೆ ಕೂತು ಎಳೆಗಾಯಿಯ ರಸ ಹೀರುತ್ತೆ, ಕಾಯಿ ಮೇಲೆ ಕಂದು ಬಣ್ಣದ ಬಿರುಕು ಬರುತ್ತೆ, ಕಾಯಿ ಸಣ್ಣದಾಗುತ್ತೆ, ಕೊಬ್ಬರಿ ತೂಕ ಬರಲ್ಲ. ಇದೆಲ್ಲ ಅಪ್ಪನ ಬಾಯಲ್ಲಿ ದಿನಾ ಕೇಳ್ತಿದ್ದದ್ದೇ.

ನನ್ನ ರೂಮ್‌ಮೇಟ್ ಬಿಹಾರದವನು. ಅವನಿಗೆ ಕನ್ನಡ ಬರಲ್ಲ, ನನಗೆ ಹಿಂದಿ ಬರಲ್ಲ, ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. “ಏನು ಅಷ್ಟು ಓದ್ತಿದ್ದೀಯ?” ಅಂತ ಕೇಳಿದ. ಹೇಳೋಕೆ ಶುರುಮಾಡಿದೆ. ಅವನ ಊರಲ್ಲಿ ತೆಂಗಿನ ತೋಟ ಇಲ್ಲ, ಹಾಗಾಗಿ ಪ್ರಶ್ನೆ ಮೇಲೆ ಪ್ರಶ್ನೆ. ಹುಳ ಕಣ್ಣಿಗೆ ಕಾಣುತ್ತಾ? ಅಷ್ಟೆತ್ತರದ ಮರಕ್ಕೆ ಔಷಧಿ ಹೊಡೆಯೋದು ಹೇಗೆ? ಬೇರಿನ ಮೂಲಕ ಔಷಧಿ ಕೊಡೋದು ಅಂದ್ರೇನು? ಪದ ಸಿಗದ ಕಡೆ ಕೈ ಆಡಿಸಿದೆ, ಪೇಪರಿನಂಚಿನಲ್ಲಿ ಚಿತ್ರ ಬರೆದೆ. ಅರ್ಧ ಗಂಟೆ! ವ್ಯಾಕರಣ ಎಲ್ಲೆಲ್ಲಿ ಮುರಿದುಬಿತ್ತೋ ದೇವರಿಗೇ ಗೊತ್ತು. ಆಮೇಲೆ ಅವನು ಅವರೂರಿನ ಪ್ರವಾಹದ ಕತೆ ಹೇಳಿದ, ಪ್ರಶ್ನೆ ಕೇಳುವ ಸರದಿ ನನ್ನದಾಯಿತು. ಆ ವರ್ಷವೆಲ್ಲ ಹೀಗೇ ನಡೆಯಿತು.

ದಿನನಿತ್ಯದ ವಿಷಯ ಓದಿ ಚರ್ಚಿಸಿದರೆ ಇಂಗ್ಲಿಷ್ ಬರುತ್ತೆ ಅನ್ನುವ ಮಾತು ನಿಜ. ಆದರೆ ಯಾರ ದಿನನಿತ್ಯ ಅಂತ ಯಾರೂ ಕೇಳಲ್ಲ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ ಒಂದೇ ಸಂಸ್ಥೆಯವು, ಎರಡೂ 1948ರಲ್ಲೇ ಹುಟ್ಟಿದವು. ಒಂದೇ ದಿನದ ಎರಡನ್ನೂ ಪಕ್ಕಪಕ್ಕ ಹರಡಿ ನೋಡಿ. ಒಂದರ ಮುಖಪುಟದ ಸುದ್ದಿ ಇನ್ನೊಂದರಲ್ಲಿ ಒಳಗೆಲ್ಲೋ ಇರಬಹುದು, ಇಲ್ಲದೆಯೂ ಇರಬಹುದು. ಓದುಗರು ಬೇರೆಯಾದರೆ ದಿನನಿತ್ಯವೂ ಬೇರೆ. ಪೇಟೆಯ ಮಗು ಊಟಕ್ಕೆ ಕೂತಾಗ ಅಪ್ಪ ಅಮ್ಮ ಷೇರು ಪೇಟೆ, ವೀಸಾ ಅಂತ ಇಂಗ್ಲಿಷಿನಲ್ಲೇ ಮಾತಾಡ್ತಾರೆ. ಇಂಗ್ಲಿಷ್ ಪೇಪರಿನ ವಿಷಯ ಅದರ ಮನೆಗೆ ಮೊದಲೇ ಬಂದಿರುತ್ತೆ. ನಮ್ಮ ಹುಡುಗರು ಪರಭಾಷೆಯನ್ನೂ ಪರರ ವಿಷಯವನ್ನೂ ಒಟ್ಟಿಗೇ ಹೊರಬೇಕು. ಹೊರಲಾರದೆ ಕೂತರೆ ದಡ್ಡರು ಅಂತ ಹೆಸರು.

“ನುಸಿ ಬಗ್ಗೆ ಮಾತಾಡಿದ್ರೆ ಸಾಫ್ಟ್‌ವೇರ್ ಕೆಲಸ ಕೊಡ್ತಾರಾ?” ಅಂತ ಯಾರಾದರೂ ಕೇಳಬಹುದು. ಕೆಲಸ ಸಿಕ್ಕ ಮೇಲೆ ನನಗೆ ಗೊತ್ತಾಗಿದ್ದು ಹೇಳ್ತೀನಿ. ಬೆಳಗ್ಗೆ ಮೀಟಿಂಗಿನಲ್ಲಿ ನಾವು ಹೇಳೋದು ಇಷ್ಟೇ: ತೊಂದರೆ ಏನು, ಯಾವಾಗ ಶುರುವಾಯ್ತು, ಏನೇನು ಮಾಡಿ ನೋಡಿದ್ವಿ, ಯಾವುದು ನಾಟಲಿಲ್ಲ, ಈಗ ಏನು ಮಾಡಬೇಕು. ನುಸಿ ಕತೆಗೂ ಬಗ್ ಕತೆಗೂ ಎಲ್ಲಿದೆ ವ್ಯತ್ಯಾಸ? ಗೊತ್ತಿರುವ ವಿಷಯವನ್ನು ಗೊತ್ತಿಲ್ಲದವನಿಗೆ ತಿಳಿಸೋಕೆ ಬಂದರೆ ಅರ್ಧ ಎಂಜಿನಿಯರಿಂಗ್ ಮುಗಿದ ಹಾಗೆ. ಹಾಗಂತ ತೋಟದಲ್ಲೇ ನಿಲ್ಲಬೇಡಿ. ಕೊಬ್ಬರಿ ಬೆಲೆಯಿಂದ ಖಾದ್ಯತೈಲದ ಆಮದಿಗೆ, ಅಲ್ಲಿಂದ ಜಾಗತೀಕರಣಕ್ಕೆ ದಾರಿ ಇದೆ. ಮನೆಯಿಂದ ಹೊರಟವನು ಅಲ್ಲಿಗೂ ಹೋಗ್ತಾನೆ. ಎರಡು ವರ್ಷ ಕಳೆದ ಮೇಲೆ ಎಡಿಟೋರಿಯಲ್ ಕೂಡ ನನಗೆ ಓದುವಂತಾಯ್ತು, ಈಗ ಇಷ್ಟಪಟ್ಟು ಓದ್ತೀನಿ.

ಅಕ್ಕನ ಮಗನಿಗೆ ಹೇಳಿದ್ದು ಇಷ್ಟು. ಹತ್ತು ಪದ ಬಿಡು. ಒಂದು ಸುದ್ದಿ ಆರಿಸ್ಕೋ, ನಿನಗೆ ಸಿಟ್ಟೋ ನಗುವೋ ಬರಿಸಿದ್ದು. ಮೊದಲು ಕನ್ನಡದಲ್ಲಿ ಓದು, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಓದು. ಭಾನುವಾರ ರಾತ್ರಿ ಫೋನ್ ಮಾಡಿ ನನಗೆ ಹೇಳು. ನಾನು ತಪ್ಪು ತಿದ್ದಲ್ಲ, ಪ್ರಶ್ನೆ ಮಾತ್ರ ಕೇಳ್ತೀನಿ.

ಮೊದಲ ಭಾನುವಾರ ಎರಡು ನಿಮಿಷಕ್ಕೇ “ಸಾಕು ಮಾಮ” ಅಂದ. ಮೂರನೇ ಭಾನುವಾರ ಪೇಪರಿನ ಸುದ್ದಿ ಬಿಟ್ಟು ಊರ ಸುದ್ದಿಯನ್ನೇ ತೆಗೆದ. ಟಿಸಿ ಸುಟ್ಟುಹೋಗಿ ಹನ್ನೊಂದು ದಿನವಾಗಿದೆ, ತೋಟಕ್ಕೆ ನೀರಿಲ್ಲ, ಬಾಕಿ ಬಿಲ್ ಕಟ್ಟಿದರೆ ಹೊಸ ಟಿಸಿ ಅಂತ ಲೈನ್‌ಮನ್, ಟಿಸಿ ಬಂದರೆ ಬಿಲ್ ಅಂತ ಊರವರು. ಇಂಗ್ಲಿಷ್ ಎಡವುತ್ತಾ, ಮಧ್ಯೆ ಕನ್ನಡ ಸೇರಿಸುತ್ತಾ, ಕೊನೆಕೊನೆಗೆ ಸಿಟ್ಟಿನಲ್ಲಿ ಓಡಿತು. “ಸೋ ನೌ ಇಟ್ ಈಸ್ ಇಂಪಾಸ್, ಮಾಮ” ಅಂದ. ಆ ಪದ ಆರು ತಿಂಗಳಿಂದ ನೋಟ್‌ಬುಕ್ಕಿನಲ್ಲಿ ಬಿದ್ದಿತ್ತು.

ಇಂಟರ್‌ವ್ಯೂನಲ್ಲಿ ಪಾಸಾಗ್ತಾನೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ದಿನ ಫೋನ್ ಇಡುವಾಗ ಗಡಿಯಾರ ನೋಡಿದೆ, ಹದಿನಾಲ್ಕು ನಿಮಿಷ ಆಗಿತ್ತು. ತಲೆಯಲ್ಲಿ ಏನೋ ಕಮ್ಮಿ ಅನ್ನೋ ಮಾತು ಆಮೇಲೆ ಅವನು ಎತ್ತಿಲ್ಲ.