ವಾಹಿನೀಸಂಖ್ಯೆಯೂ ಆವೃತ್ತಿಯೂ: ಒಂದು ವಿಮರ್ಶೆ

ಸಂಚಾರಿ ದೂರವಾಣಿಯ ವಾಹಿನೀಸಂಖ್ಯೆಯಿಂದ ರೇಡಿಯೋ ಆವೃತ್ತಿಯನ್ನು ಪಡೆಯುವ ಕ್ರಮವನ್ನು ತರಗತಿಗಳಲ್ಲಿ ಸೂತ್ರವೊಂದನ್ನು ಬಾಯಿಪಾಠ ಮಾಡಿಸಿ ಮುಗಿಸುವುದುಂಟು. ಇದು ನಮಗೆ ಸಮ್ಮತವಲ್ಲ. ಸೂತ್ರವಾದರೋ ಗುಣಾಕಾರ ಸಂಕಲನಗಳ ಅಲ್ಪ ವ್ಯವಹಾರ. ಸಂಖ್ಯೆಯು ಏನನ್ನು ಹೇಳದೆ ಬಿಡುತ್ತದೆಂಬುದೇ ವಿಚಾರಾರ್ಹವಾದ ಸಂಗತಿ. ಕೆಂಗೇರಿಯ ಗೋಪುರವೊಂದರ ಬಳಿ ಆವೃತ್ತಿಮಾಪಕವನ್ನು ಹಿಡಿದು ನಿಂತ ವಿದ್ಯಾರ್ಥಿಯು ಇದನ್ನರಿಯದಿದ್ದರೆ ಅವನ ಲೆಕ್ಕ ಸರಿಯಾಗಿದ್ದೂ ಅಳತೆ ತಪ್ಪುತ್ತದೆ.

ಎರಡನೆಯ ತಲೆಮಾರಿನ ಜಿ.ಎಸ್.ಎಂ. ಪದ್ಧತಿಯಲ್ಲಿ ವಾಹಿನಿಗಳ ನಡುವಣ ಅಂತರ 0.2 ಮೆಗಾಹರ್ಟ್ಸ್. ಅಲ್ಲಿ 600 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. 1800ರ ಬ್ಯಾಂಡಿನಲ್ಲಿ ಗೋಪುರದಿಂದ ಹೊರಡುವ ಆವೃತ್ತಿ 1822.8 ಮೆಗಾಹರ್ಟ್ಸ್, ಅಮೆರಿಕದ 1900ರ ಬ್ಯಾಂಡಿನಲ್ಲಿ ಅದೇ ಸಂಖ್ಯೆಗೆ 1947.8. ಬರಿದೇ ‘5ನೆಯ ಮುಖ್ಯರಸ್ತೆ’ ಎಂದು ವಿಳಾಸ ಬರೆದರೆ ಕಾಗದವು ವಿಜಯನಗರಕ್ಕೆ ಹೋಗಬೇಕೋ ಬಸವೇಶ್ವರನಗರಕ್ಕೆ ಹೋಗಬೇಕೋ ಅಂಚೆಯವನಿಗೆ ತಿಳಿಯದು. ಭಾರತದಲ್ಲಿ ಬಳಕೆಗೆ ಬಂದದ್ದು 1800 ಆದುದರಿಂದ ಇಲ್ಲಿ ಈ ತೊಡಕು ಮರೆಯಾಗಿದೆ. ವಿದೇಶದ ಗ್ರಂಥವನ್ನು ತೆರೆದೊಡನೆ ಕಾಣಿಸಿಕೊಳ್ಳುತ್ತದೆ.

ಬೆಂಗಳೂರಿಗೆ ನಾಲ್ಕನೆಯ ತಲೆಮಾರು 2012ರ ಮೇ ತಿಂಗಳಲ್ಲಿ 2300ರ ಬ್ಯಾಂಡಿನಲ್ಲಿ ಬಂದಿತು. ಈ ಪದ್ಧತಿಯಲ್ಲಿ ಪ್ರತಿಯೊಂದು ಬ್ಯಾಂಡಿಗೂ ಬೇರೆ ಬೇರೆ ಆರಂಭಸಂಖ್ಯೆಯುಂಟು. 2300ಕ್ಕೆ ಅದು 38650. ವಾಹಿನೀಸಂಖ್ಯೆ 39150 ಎಂದಿದ್ದರೆ ವ್ಯತ್ಯಾಸವಾದ 500ನ್ನು 0.1ರಿಂದ ಗುಣಿಸಿ 2300ಕ್ಕೆ ಕೂಡಿಸಬೇಕು. 2350 ಮೆಗಾಹರ್ಟ್ಸ್ ದೊರೆಯುತ್ತದೆ. ಹಳೆಯ ದೋಷವೇನೋ ನೀಗಿತು, ಆದರೆ ಅದರ ವಿಪರ್ಯಯ ತಲೆದೋರಿತು. 875 ಮೆಗಾಹರ್ಟ್ಸ್ ಎಂಬ ಒಂದೇ ಆವೃತ್ತಿಗೆ 5ನೆಯ ಬ್ಯಾಂಡಿನಲ್ಲಿ 2460, 26ನೆಯ ಬ್ಯಾಂಡಿನಲ್ಲಿ 8850. ಮೊದಲು ಒಂದು ಹೆಸರಿಗೆ ಇಬ್ಬರು ಒಡೆಯರಿದ್ದರು; ಈಗ ಒಬ್ಬನಿಗೇ ಎರಡು ಹೆಸರು. ಹೀಗೆ ಧಾರಾಳವಾಗಿ ಹಂಚಿದುದರ ಫಲವಾಗಿ 65535ರವರೆಗಿನ ಸಂಖ್ಯೆಗಳು ಸಾಲದೆ ಮಿತಿಯನ್ನು 262143ಕ್ಕೆ ಏರಿಸಬೇಕಾಯಿತು. ಇದನ್ನು ನಾವು ದೂರದೃಷ್ಟಿಯ ಕೊರತೆಯೆಂದೇ ಎಣಿಸುತ್ತೇವೆ.

ಐದನೆಯ ತಲೆಮಾರು 2022ರ ಅಕ್ಟೋಬರಿನಲ್ಲಿ ನಗರದಲ್ಲಿ ಆರಂಭವಾಯಿತು. ಇಲ್ಲಿ ಸಂಖ್ಯೆಗಳು ಬ್ಯಾಂಡಿನ ಹಂಗನ್ನು ತೊರೆದು ಶೂನ್ಯದಿಂದ ಒಂದೇ ಸಾಲಾಗಿ ಏರುತ್ತವೆ: 3000 ಮೆಗಾಹರ್ಟ್ಸಿನವರೆಗೆ 5 ಕಿಲೋಹರ್ಟ್ಸಿನ ಹೆಜ್ಜೆ, ಅಲ್ಲಿಂದ 24250ರವರೆಗೆ 15 ಕಿಲೋಹರ್ಟ್ಸಿನ ಹೆಜ್ಜೆ. 875ಕ್ಕೆ 175000 ಎಂಬ ಒಂದೇ ಸಂಖ್ಯೆ. ಯಾವ ಬ್ಯಾಂಡೆಂಬುದನ್ನು ಮಾತ್ರ ಈಗಲೂ ಸಂಖ್ಯೆಯೊಂದರಿಂದಲೇ ತಿಳಿಯಲಾಗದು. ಮೂರು ಕ್ರಮಗಳಲ್ಲಿ ಇದೇ ಶ್ರೇಷ್ಠವೆಂದು ನಮ್ಮ ಅಭಿಪ್ರಾಯ. (ಪತ್ರಿಕೆಗಳು ಇವುಗಳ ಹರಾಜನ್ನು ‘ತರಂಗಾಂತರ ಹರಾಜು’ ಎನ್ನುತ್ತವೆ. ತರಂಗಾಂತರವು ಉದ್ದದ ಅಳತೆ. ವಿದ್ಯಾರ್ಥಿಗಳು ಈ ಪ್ರಯೋಗವನ್ನು ಅನುಕರಿಸಬಾರದು.)

ಆದರೂ ಒಂದು ಕುತೂಹಲದ ಅಂಶವಿದೆ. ನಮ್ಮಲ್ಲಿ ಹರಾಜಾದ 3300–3670ರ ವ್ಯಾಪ್ತಿಯೊಳಗಿರುವ 3500 ಮೆಗಾಹರ್ಟ್ಸಿಗೆ ಈ ಕ್ರಮದಲ್ಲಿ ಸಂಖ್ಯೆಯೇ ಇಲ್ಲ. 500ನ್ನು 0.015ರಿಂದ ಭಾಗಿಸಿದರೆ ಶೇಷವುಳಿಯುತ್ತದೆ. 633333ಕ್ಕೆ 3499.995, 633334ಕ್ಕೆ 3500.01, ಗೋಪುರವು ಇವೆರಡರಲ್ಲೊಂದನ್ನು ಆರಿಸಿಕೊಳ್ಳಲೇಬೇಕು.