ಅಳಿಸಿದ್ದನ್ನೂ ಹೊತ್ತೊಯ್ಯುವ ಸೇವಕ

ಎರಡು ವರ್ಷದ ಕೆಳಗೆ ನನ್ನದೊಂದು ಕಥೆ ಕಳೆದುಹೋಯಿತು. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಹಳೆಯ ಫೋಲ್ಡರೊಂದನ್ನು ಅಳಿಸಿದ್ದೆ; ಮೊಬೈಲಿನಲ್ಲಿ ಪ್ರತಿ ಇದೆಯಲ್ಲ ಎಂಬ ಧೈರ್ಯ. ಕೆಲವು ದಿನಗಳ ನಂತರ ಹುಡುಕಿದರೆ ಅಲ್ಲಿಯೂ ಇಲ್ಲ. ನನ್ನ ಬರವಣಿಗೆಯನ್ನು ಎಷ್ಟು ನಿಷ್ಠೆಯಿಂದ ಹೊತ್ತೊಯ್ದಿತ್ತೋ, ನನ್ನ ತಪ್ಪನ್ನೂ ಆ ಸಿಂಕ್ ತಂತ್ರಾಂಶ ಅಷ್ಟೇ ನಿಷ್ಠೆಯಿಂದ ಹೊತ್ತೊಯ್ದಿತ್ತು.

ಸಿಂಕ್ ಎಂದರೆ ಎರಡು ಕಡೆಯ ಕಡತಗಳನ್ನು ಒಂದೇ ಸಮನಾಗಿಡುವುದು, ಅಷ್ಟೆ. ಅದು ಜೋಪಾನವಲ್ಲ. ಆದ್ದರಿಂದ ಇಂಥ ಸಾಧನವನ್ನು ಆರಿಸುವಾಗ ಎಷ್ಟು ಜಿಬಿ ಕೊಡುತ್ತದೆ ಎಂದು ವಿಚಾರಿಸುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಅಳಿಸಿದಾಗ ಅದು ಏನು ಮಾಡುತ್ತದೆ? ಒಂದೇ ಕಡತವನ್ನು ಎರಡೂ ಕಡೆ ತಿದ್ದಿದಾಗ ಏನು ಮಾಡುತ್ತದೆ?

2008ರಲ್ಲಿ ಜನರಿಗೆ ತೆರೆದುಕೊಂಡ ಡ್ರಾಪ್‌ಬಾಕ್ಸ್ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದರ ಉಚಿತ ಖಾತೆಯಲ್ಲೂ ಅಳಿಸಿದ ಕಡತ 30 ದಿನ ಉಳಿಯುತ್ತದೆ. ತಿದ್ದುಪಡಿಗಳು ಡಿಕ್ಕಿ ಹೊಡೆದರೆ ಎರಡು ಪ್ರತಿಗಳನ್ನೂ ಇಡುತ್ತದೆ. ಆದರೆ 2019ರ ಮಾರ್ಚ್‌ನಲ್ಲಿ ಉಚಿತ ಖಾತೆಗೆ ಮೂರೇ ಸಾಧನಗಳ ಮಿತಿ ಬಂತು. ಬಾಡಿಗೆ ಮನೆಯ ಕರಾರು ಮಾಲೀಕನ ಇಚ್ಛೆಯಂತೆ ಬದಲಾಗುತ್ತದೆ.

ಯಾಕೋಬ್ ಬೋರ್ಗ್ 2013ರ ಕೊನೆಯಲ್ಲಿ ಹೊರತಂದ ಸಿಂಕ್‌ಥಿಂಗ್ ಸ್ವಂತ ಮನೆ. ಕಡತ ಯಾವ ಕಂಪನಿಯ ಗೋದಾಮಿನಲ್ಲೂ ಕೂರುವುದಿಲ್ಲ. ನಮ್ಮ ಯಂತ್ರದಿಂದ ನಮ್ಮದೇ ಯಂತ್ರಕ್ಕೆ ಗೂಢಲಿಪಿಯಲ್ಲಿ ಹೋಗುತ್ತದೆ. ಕಾಸು ಕೊಡಬೇಕಿಲ್ಲ. ಆದರೆ ಎರಡೂ ಯಂತ್ರಗಳು ಒಂದೇ ಹೊತ್ತಿಗೆ ಎಚ್ಚರವಿರಬೇಕು. ಹಳೆಯ ಪ್ರತಿಗಳನ್ನು ಕಾಯ್ದಿಡುವ ವ್ಯವಸ್ಥೆಯನ್ನು ನಾವೇ ಚಾಲೂ ಮಾಡಬೇಕು. ಮರೆತರೆ ಅಳಿಸಿದ್ದು ಎಲ್ಲ ಕಡೆಯೂ ಅಳಿಸಿಹೋದಂತೆಯೇ. ಅದರ ಅಧಿಕೃತ ಆಂಡ್ರಾಯ್ಡ್ ಆವೃತ್ತಿ 2024ರ ಡಿಸೆಂಬರ್‌ನಲ್ಲಿ ನಿಂತುಹೋಗಿ, ಮೊಬೈಲ್ ಬಳಕೆದಾರರು ಅದರಿಂದ ಕವಲೊಡೆದ ಬೇರೊಂದು ಆವೃತ್ತಿಗೆ ಹೋಗಬೇಕಾಯಿತು. ಸ್ವಂತ ಮನೆಯ ಸೂರು ಸೋರಿದರೆ ಏಣಿ ಹತ್ತುವವರೂ ನಾವೇ.

ಇವೆರಡಕ್ಕಿಂತ ಹಳೆಯದು ಯೂನಿಸನ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ಪಿಯರ್ಸ್ ಮತ್ತು ಸಂಗಡಿಗರು ರೂಪಿಸಿದ್ದು. ಮೊಬೈಲಿಗೆ ಒಗ್ಗುವುದಿಲ್ಲ, ನೋಟಕ್ಕೂ ಒರಟು. ಆದರೆ ಬದಲಾವಣೆಗಳನ್ನೆಲ್ಲ ಪಟ್ಟಿ ಮಾಡಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಎರಡೂ ಕಡೆ ತಿದ್ದಿದ ಕಡತವನ್ನು ನಾವು ಹೇಳುವವರೆಗೆ ಮುಟ್ಟುವುದಿಲ್ಲ.

ಉರ್ದು ಪತ್ರಿಕೆಗಳು ಕಾತಿಬರ ಕೈಬರಹದಲ್ಲಿ ಅಚ್ಚಾಗುತ್ತಿದ್ದ ಕಾಲವನ್ನು ಚಿಕ್ಕಂದಿನಲ್ಲಿ ಕಂಡವನು ನಾನು. ಒಳ್ಳೆಯ ಕಾತಿಬ್ ಅನುಮಾನ ಬಂದ ಪದದ ಮೇಲೆ ಲೇಖನಿ ನಿಲ್ಲಿಸಿ ಬರೆದವನನ್ನು ಕೇಳುತ್ತಿದ್ದ. ಆ ಅದಬು ಯೂನಿಸನ್‌ನಲ್ಲಿ ಇದೆ. ಉಳಿದವು ನಮ್ಮ ವೇಳೆ ಉಳಿಸಲು ಹೋಗಿ ಕೇಳುವುದನ್ನೇ ಬಿಟ್ಟಿವೆ.

ಬಸ್ಸಿನಲ್ಲಿ ಮೊಬೈಲ್ ಹಿಡಿದು ಬರೆಯುವ ನನಗೆ ಕೊನೆಗೂ ಒದಗಿದ್ದು ಸಿಂಕ್‌ಥಿಂಗ್, ಹಳೆಯ ಪ್ರತಿ ಕಾಯುವ ವ್ಯವಸ್ಥೆಯ ಸಮೇತ. ಜೊತೆಗೆ ಪ್ರತಿ ಶುಕ್ರವಾರ ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಇಳಿಸಿ, ಅದನ್ನು ಕಿತ್ತು ಬೀರುವಿನಲ್ಲಿಡುತ್ತೇನೆ. ಯಾವ ಸಿಂಕಿನ ಕೈಯೂ ಅಲ್ಲಿಗೆ ಎಟುಕದು.

ಕಳೆದುಹೋದ ಕಥೆಯನ್ನು ಮತ್ತೆ ಬರೆದೆ. ಕಥೆಯಾಯಿತು, ಆದರೆ ಅದೇ ಕಥೆಯಾಗಲಿಲ್ಲ.