ವಿಪತ್ತು ಚೇತರಿಕೆ ತಜ್ಞರ ಸಂಬಳ: ಸಮೀಕ್ಷೆಗಳು ಅಳೆಯುವುದು ಏನನ್ನು?

ಬ್ಯಾಂಕಿನ ಕಂಪ್ಯೂಟರುಗಳಿರುವ ಕಟ್ಟಡಕ್ಕೆ ಬೆಂಕಿ ಬಿದ್ದರೆ ಮರುದಿನ ಗ್ರಾಹಕರಿಗೆ ಹಣ ಸಿಗುವುದೇ? ಆಸ್ಪತ್ರೆಯ ನೆಲಮಾಳಿಗೆಗೆ ನೀರು ನುಗ್ಗಿ ಜನರೇಟರ್ ನಿಂತರೆ ರೋಗಿಗಳ ದಾಖಲೆಗಳು ಎಲ್ಲಿಂದ ಬರಬೇಕು? ಇಂತಹ ಪ್ರಶ್ನೆಗಳಿಗೆ ಮುಂಚಿತವಾಗಿಯೇ ಉತ್ತರ ಸಿದ್ಧಪಡಿಸಿಡುವುದು ಇಂದು ಒಂದು ಪೂರ್ಣಾವಧಿ ವೃತ್ತಿ. ಕೆಟ್ಟುಹೋದ ಕಂಪ್ಯೂಟರ್ ವ್ಯವಸ್ಥೆಯನ್ನು ಮತ್ತೆ ನಡೆಯುವಂತೆ ಮಾಡುವ ಭಾಗವನ್ನು ವಿಪತ್ತು ಚೇತರಿಕೆ ಎಂದೂ, ಸಂಸ್ಥೆಯ ಒಟ್ಟು ಕೆಲಸ ನಿಲ್ಲದಂತೆ ನೋಡಿಕೊಳ್ಳುವುದನ್ನು ವ್ಯವಹಾರ ನಿರಂತರತೆ ಎಂದೂ ಕರೆಯಬಹುದು. ಎಷ್ಟು ಹೊತ್ತಿನೊಳಗೆ ಕೆಲಸ ಪುನಃ ಆರಂಭವಾಗಬೇಕು, ಎಷ್ಟು ಹೊತ್ತಿನ ಮಾಹಿತಿ ನಷ್ಟವಾದರೆ ತಡೆದುಕೊಳ್ಳಬಹುದು ಎಂಬ ಎರಡು ಸಂಖ್ಯೆಗಳೇ ಇವರ ಯೋಜನೆಗಳಿಗೆ ಬುನಾದಿ.

ಈ ವೃತ್ತಿಯವರ ಸಂಬಳ ಏರುತ್ತಲೇ ಇದೆ ಎಂದು ಹೇಳುವ ಸಮೀಕ್ಷೆಗಳು ಸುಮಾರು 2 ದಶಕಗಳಿಂದ ಅಮೆರಿಕದಲ್ಲಿ ಪ್ರಕಟವಾಗುತ್ತಿವೆ. ಅವುಗಳ ನಕ್ಷೆಗಳು ತರಬೇತಿ ಕೇಂದ್ರಗಳ ಕರಪತ್ರಗಳಲ್ಲಿಯೂ ಮುದ್ರಣಗೊಂಡು ನಮ್ಮ ವಿದ್ಯಾರ್ಥಿಗಳ ಕೈ ಸೇರುತ್ತವೆ. ಪದವಿ ಮುಗಿಸುತ್ತಿರುವ ವಿದ್ಯಾರ್ಥಿ ಸಾವಿರಾರು ರೂಪಾಯಿ ಶುಲ್ಕ ಕಟ್ಟುವ ಮೊದಲು ಅಂತಹ ನಕ್ಷೆಯನ್ನು ಅಧ್ಯಾಪಕರ ಮುಂದಿಟ್ಟು ಸಲಹೆ ಕೇಳಿದರೆ ಏನು ಹೇಳಬೇಕು? ಪ್ರಯೋಗಶಾಲೆಯಲ್ಲಿ ಯಾವುದೇ ಅಳತೆಗೆ ಹಾಕುವ ಪ್ರಶ್ನೆಗಳನ್ನೇ ಈ ನಕ್ಷೆಗೂ ಹಾಕಬೇಕು ಎಂಬುದು ನನ್ನ ವಾದ.

ಬೇಡಿಕೆ ನಿಜ

ಮೊದಲಿಗೆ, ಈ ವೃತ್ತಿಗೆ ಬೇಡಿಕೆ ಇರುವುದು ಸುಳ್ಳಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಮೇಲೆ ನಡೆದ ದಾಳಿಯಲ್ಲಿ ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಸಂಸ್ಥೆ ತನ್ನ 658 ನೌಕರರನ್ನು ಕಳೆದುಕೊಂಡಿತು. ಆದರೂ ಎರಡೇ ದಿನಗಳಲ್ಲಿ ಸಾಲಪತ್ರಗಳ ಮಾರುಕಟ್ಟೆ ತೆರೆದಾಗ ಅದರ ಕಂಪ್ಯೂಟರ್ ವ್ಯವಸ್ಥೆ ವಹಿವಾಟು ನಡೆಸಿತು. ನ್ಯೂಜೆರ್ಸಿಯಲ್ಲಿ ಪರ್ಯಾಯ ಕೇಂದ್ರವೊಂದು ಇದ್ದುದೇ ಇದಕ್ಕೆ ಕಾರಣ. 2004ರಲ್ಲಿ ಅಮೆರಿಕದ ಷೇರು ದಲ್ಲಾಳಿ ಸಂಸ್ಥೆಗಳು ಲಿಖಿತ ನಿರಂತರತಾ ಯೋಜನೆ ಹೊಂದಿರಬೇಕೆಂಬ ನಿಯಮಗಳು ಬಂದವು. 2012ರಲ್ಲಿ ಐಎಸ್‌ಓ 22301 ಎಂಬ ಅಂತಾರಾಷ್ಟ್ರೀಯ ಮಾನಕ ಪ್ರಕಟವಾಯಿತು.

ನಮ್ಮಲ್ಲಿಯೂ 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವಹಿವಾಟು ಸುಮಾರು ನಾಲ್ಕು ಗಂಟೆ ಸ್ಥಗಿತಗೊಂಡಿತು. ಮುಂದಿನ ತಿಂಗಳೇ ಸೆಬಿ, ತೊಂದರೆ ಉಂಟಾದ 30 ನಿಮಿಷಗಳೊಳಗೆ ವಿಪತ್ತನ್ನು ಘೋಷಿಸಬೇಕು, ಘೋಷಿಸಿದ 45 ನಿಮಿಷಗಳೊಳಗೆ ಪರ್ಯಾಯ ಕೇಂದ್ರದಿಂದ ಕೆಲಸ ಆರಂಭಿಸಬೇಕು ಎಂದು ಗಡುವು ವಿಧಿಸಿತು. ಇಂತಹ ಗಡುವುಗಳನ್ನು ಪಾಲಿಸಲು ತಿಳಿದವರು ಬೇಕೇ ಬೇಕು. ಆದರೆ ಬೇಡಿಕೆ ಇದೆ ಎನ್ನುವುದು ಬೇರೆ. ಸಂಬಳ ಇಷ್ಟು, ಅದು ಇಷ್ಟು ಏರಿತು ಎಂದು ಅಂಕಿ ಕೊಡುವುದು ಬೇರೆ.

ಎಣಿಸುವವರು ಯಾರು?

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಉದ್ಯೋಗದಾತರಿಂದಲೇ ಸಂಬಳದ ವಿವರ ಪಡೆಯುತ್ತದೆ. ಸುಮಾರು 11 ಲಕ್ಷ ಉದ್ಯೋಗ ಸ್ಥಳಗಳ ಮಾದರಿಯನ್ನು ಮೂರು ವರ್ಷಗಳಲ್ಲಿ ಪೂರ್ಣಗೊಳಿಸುತ್ತದೆ. ವಿಚಿತ್ರವೆಂದರೆ ಇಷ್ಟು ವಿಸ್ತಾರವಾದ ಪಟ್ಟಿಯಲ್ಲಿ ವ್ಯವಹಾರ ನಿರಂತರತಾ ಯೋಜಕರಿಗೆ ಪ್ರತ್ಯೇಕ ಸಾಲು ಇಲ್ಲ. ಅವರು ‘ವ್ಯವಹಾರ ನಿರ್ವಹಣಾ ತಜ್ಞರು, ಇತರೆ’ ಎಂಬ ಗುಂಪಿನೊಳಗೆ ಸೇರಿಹೋಗಿದ್ದಾರೆ. ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಆ ಗುಂಪಿನಲ್ಲಿ ಸುಸ್ಥಿರತಾ ತಜ್ಞರೂ ಇದ್ದಾರೆ, ಆನ್‌ಲೈನ್ ವ್ಯಾಪಾರಿಗಳೂ ಇದ್ದಾರೆ. ಓ-ನೆಟ್ ಎಂಬ ಸರ್ಕಾರಿ ವೃತ್ತಿಕೋಶವು ನಿರಂತರತಾ ಯೋಜಕರ ಕೆಲಸವನ್ನು ಪ್ರತ್ಯೇಕವಾಗಿ ವಿವರಿಸುತ್ತದೆ, ನಿಜ. ಆದರೆ ಅಲ್ಲಿ ಕಾಣುವ ಸಂಬಳ ಇಡೀ ಗುಂಪಿನದು. ಮಿಶ್ರಣದ ಸಾಂದ್ರತೆಯನ್ನು ಅಳೆದು ಅದನ್ನೇ ಒಂದು ಘಟಕದ ಸಾಂದ್ರತೆ ಎಂದು ಬರೆದುಕೊಂಡ ಹಾಗೆ ಇದು.

ಸರ್ಕಾರಿ ಲೆಕ್ಕ ಇಲ್ಲದ ಕಡೆ ಖಾಸಗಿ ಸಮೀಕ್ಷೆಗಳು ಬರುತ್ತವೆ. ಬಿಸಿ ಮ್ಯಾನೇಜ್‌ಮೆಂಟ್ ಎಂಬ, ಇದೇ ಕ್ಷೇತ್ರದ ನೇಮಕಾತಿ ಸಂಸ್ಥೆ 2000ದ ದಶಕದಿಂದ ಇಂತಹ ಸಮೀಕ್ಷೆಗಳನ್ನು ನಡೆಸಿತು. ಬೇರೆ ದಾರಿಯಿಲ್ಲದ ಕಡೆ ಈ ಪ್ರಯತ್ನಗಳಿಗೆ ಬೆಲೆ ಇದೆ. ಆದರೆ ಈ ಬಗೆಯ ಸಮೀಕ್ಷೆಗಳಿಗೆ ಉತ್ತರಿಸುವವರು ಸ್ವಇಚ್ಛೆಯಿಂದ ಮುಂದೆ ಬಂದವರು. ತೊಂದರೆ ಶುರುವಾಗುವುದು ಇಲ್ಲಿಂದ.

ಹೆಚ್ಚು ಜನ, ಅದೇ ದೋಷ

ವರ್ನಿಯರ್ ಕ್ಯಾಲಿಪರ್ಸ್‌ಗೆ ಶೂನ್ಯ ದೋಷವಿದ್ದರೆ ನೂರು ಸಲ ಅಳೆದು ಸರಾಸರಿ ತೆಗೆದರೂ ಅದು ಹೋಗದು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಯಾದೃಚ್ಛಿಕ ದೋಷ ಮಾತ್ರ ಅಳತೆಗಳ ಸಂಖ್ಯೆ ಹೆಚ್ಚಿದಂತೆ ಕುಗ್ಗುತ್ತದೆ. ವ್ಯವಸ್ಥಿತ ದೋಷ ಹಾಗೆಯೇ ಉಳಿಯುತ್ತದೆ. ಸಮೀಕ್ಷೆಗೂ ಇದೇ ನಿಯಮ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ ಸುಮಾರು ಶೇ. 61 ಮತಗಳಿಂದ. ದೂರವಾಣಿ ಪುಸ್ತಕ ಮತ್ತು ಕಾರು ನೋಂದಣಿ ಪಟ್ಟಿಗಳಿಂದ ಆಯ್ದ ವಿಳಾಸಗಳಲ್ಲಿ ಬಡವರು ಕಡಿಮೆ ಇದ್ದರು. ಜೊತೆಗೆ ಉತ್ತರ ಕಳುಹಿಸುವ ಉತ್ಸಾಹ ಎರಡೂ ಪಕ್ಷದವರಲ್ಲಿ ಸಮನಾಗಿರಲಿಲ್ಲ.

ಸಂಬಳದ ಸಮೀಕ್ಷೆಗೆ ಯಾರು ಉತ್ತರಿಸುತ್ತಾರೆ? ವೃತ್ತಿಸಂಘದ ಸದಸ್ಯರು, ನೇಮಕಾತಿ ಸಂಸ್ಥೆಯ ಸಂಪರ್ಕದಲ್ಲಿರುವವರು, ದೊಡ್ಡ ಕಂಪನಿಗಳಲ್ಲಿ ಇದೇ ಹುದ್ದೆಯ ಹೆಸರಿನಲ್ಲಿ ಇರುವವರು. ಸಣ್ಣ ಸಂಸ್ಥೆಯಲ್ಲಿ ಬೇರೆ ಹತ್ತು ಕೆಲಸಗಳ ಜೊತೆ ಇದನ್ನೂ ಮಾಡುವ ಗುಮಾಸ್ತನಿಗೆ ಪ್ರಶ್ನಾವಳಿ ತಲುಪುವ ಸಂಭವವೇ ಕಡಿಮೆ. ಕೆಲಸ ಕಳೆದುಕೊಂಡವನು ‘ಈಗಿನ ಸಂಬಳ’ ಎಂಬ ಅಂಕಣದಲ್ಲಿ ಏನು ಬರೆಯಬೇಕು?

ಯಾರ ಸಂಬಳವೂ ಏರದೆ ಸರಾಸರಿ ಏರಬಹುದು

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಮೊದಲ ವರ್ಷ ಹತ್ತು ಮಂದಿ ಉತ್ತರಿಸಿದರು. ಐವರು ಕಿರಿಯರಿಗೆ ತಲಾ 60,000 ಡಾಲರ್, ಐವರು ಹಿರಿಯರಿಗೆ ತಲಾ 1,20,000 ಡಾಲರ್. ಸರಾಸರಿ 90,000. ಮರುವರ್ಷ ಇಬ್ಬರು ಕಿರಿಯರ ಕೆಲಸ ಹೋಯಿತು. ಉಳಿದ ಎಂಟು ಮಂದಿಯ ಸಂಬಳ ಮೊದಲಿನಷ್ಟೇ. ಈಗ ಸರಾಸರಿ 97,500 ಡಾಲರ್. ನಕ್ಷೆಯಲ್ಲಿ ಶೇ. 8.3ರಷ್ಟು ಏರಿಕೆ! ನಿಜವಾಗಿ ನಡೆದದ್ದು ಇಬ್ಬರ ಉದ್ಯೋಗನಷ್ಟ. ಒಂದೇ ವ್ಯಕ್ತಿಗಳನ್ನು ವರ್ಷದಿಂದ ವರ್ಷಕ್ಕೆ ಅನುಸರಿಸದ ಸಮೀಕ್ಷೆಯಲ್ಲಿ ಈ ಎರಡನ್ನು ಬೇರ್ಪಡಿಸಲು ಸಾಧ್ಯವಿಲ್ಲ.

ಸರಾಸರಿಗೆ ಇನ್ನೊಂದು ದೌರ್ಬಲ್ಯವೂ ಇದೆ. ಐವರ ಸಂಬಳ ಕ್ರಮವಾಗಿ 60, 70, 80, 90 ಮತ್ತು 300 ಸಾವಿರ ಡಾಲರ್ ಇದ್ದರೆ ಸರಾಸರಿ 120 ಸಾವಿರ. ಐವರಲ್ಲಿ ನಾಲ್ವರಿಗೆ ಅಷ್ಟು ಸಿಗುತ್ತಿಲ್ಲ. ಮಧ್ಯಾಂಕ 80 ಸಾವಿರ. ಇದು ವಸ್ತುಸ್ಥಿತಿಗೆ ಹೆಚ್ಚು ಹತ್ತಿರ. ಸರಾಸರಿಯನ್ನು ಮಾತ್ರ ಕೊಟ್ಟು ಮಧ್ಯಾಂಕವನ್ನು ಕೊಡದ ವರದಿಯನ್ನು ಅನುಮಾನದಿಂದಲೇ ಓದಬೇಕು.

ಡಾಲರಿನ ಅಳತೆಗೋಲೂ ಕುಗ್ಗುತ್ತದೆ

ಇನ್ನು ಹಣದುಬ್ಬರದ ಪ್ರಶ್ನೆ. ಇದಕ್ಕೆ ನೈಜ ಅಂಕಿಗಳೇ ಇವೆ. ನಿರಂತರತಾ ಯೋಜಕರಿಗೆ ಪ್ರತ್ಯೇಕ ಸಾಲು ಇಲ್ಲದಿದ್ದರೂ ಅವರಿಗೆ ಹತ್ತಿರದ ವೃತ್ತಿಯಾದ ತುರ್ತು ನಿರ್ವಹಣಾ ನಿರ್ದೇಶಕರಿಗೆ ಇದೆ. ಇವರು ಬಹುಪಾಲು ಸ್ಥಳೀಯ ಆಡಳಿತ, ಆಸ್ಪತ್ರೆ ಮುಂತಾದ ಕಡೆ ಕೆಲಸ ಮಾಡುವ ಸುಮಾರು 12,000 ಮಂದಿ. ಇವರ ವಾರ್ಷಿಕ ಸಂಬಳದ ಮಧ್ಯಾಂಕ 2021ರ ಮೇ ತಿಂಗಳಲ್ಲಿ 76,730 ಡಾಲರ್ ಇತ್ತು. 2023ರ ಮೇ ತಿಂಗಳಲ್ಲಿ 83,960 ಡಾಲರ್ ಆಯಿತು. ಏರಿಕೆ ಶೇ. 9.4.

ಇದೇ ಅವಧಿಯಲ್ಲಿ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ 271.0ರಿಂದ 304.7ಕ್ಕೆ, ಅಂದರೆ ಶೇ. 12.4ರಷ್ಟು, ಏರಿತು. 2021ರ ಸಂಬಳದ ಕೊಳ್ಳುವ ಶಕ್ತಿ ಉಳಿಯಬೇಕಾದರೆ 2023ರಲ್ಲಿ ಸುಮಾರು 86,300 ಡಾಲರ್ ಬೇಕಿತ್ತು. ಅಂದರೆ ನೈಜ ಸಂಬಳ ಶೇ. 2.7ರಷ್ಟು ಇಳಿಯಿತು. ಮೂರು ವರ್ಷಗಳ ಮಾದರಿಯನ್ನು ಒಟ್ಟುಗೂಡಿಸುವುದರಿಂದ ಈ ಅಂಕಿಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಎಚ್ಚರ ಬೇಕೆಂದು ಇಲಾಖೆಯೇ ಹೇಳುತ್ತದೆ. ಹಾಗಾಗಿ ಶೇ. 2.7 ಎಂಬುದನ್ನು ಅಂದಾಜು ಎಂದೇ ತಿಳಿಯಬೇಕು. ತನ್ನ ಅಳತೆಯ ಮಿತಿಯನ್ನು ತಾನೇ ಹೇಳುವುದು ಒಳ್ಳೆಯ ವರದಿಯ ಲಕ್ಷಣ. ಕರಪತ್ರದ ನಕ್ಷೆಗಳಲ್ಲಿ ಕಾಣೆಯಾಗುವುದೂ ಇದೇ.

ಪ್ರಮಾಣಪತ್ರದ ಬೆಲೆ

ವಿದ್ಯಾರ್ಥಿಗಳನ್ನು ಹೆಚ್ಚು ಸೆಳೆಯುವುದು ‘ಪ್ರಮಾಣಪತ್ರ ಉಳ್ಳವರಿಗೆ ಹೆಚ್ಚು ಸಂಬಳ’ ಎಂಬ ಸಾಲು. ಅಂತಹ ಪ್ರಮಾಣಪತ್ರ ನೀಡುವ ಪ್ರಮುಖ ಸಂಸ್ಥೆಗಳಲ್ಲಿ ಒಂದು 1988ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಡಿಆರ್‌ಐ. 1994ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಬಿಸಿಐ ಇನ್ನೊಂದು. ಡಿಆರ್‌ಐ ನೀಡುವ ಸಿಬಿಸಿಪಿ ದರ್ಜೆ ಪಡೆಯಲು ಪರೀಕ್ಷೆಯ ಜೊತೆಗೆ ಎರಡು ವರ್ಷಗಳಿಗೂ ಹೆಚ್ಚಿನ ಅನುಭವ ಇರಬೇಕು. ಅದಕ್ಕಿಂತ ಮೇಲಿನ ಎಂಬಿಸಿಪಿ ದರ್ಜೆಗೆ ಐದು ವರ್ಷಗಳಿಗೂ ಹೆಚ್ಚಿನ ಅನುಭವ ಬೇಕು. ಅಂದಮೇಲೆ ಪ್ರಮಾಣಪತ್ರ ಉಳ್ಳವರ ಗುಂಪಿನಲ್ಲಿ ಅನುಭವಿಗಳೇ ತುಂಬಿರುವುದು ಸಹಜ. ಹೆಚ್ಚಿನ ಸಂಬಳ ಅನುಭವಕ್ಕೆ ಸಿಕ್ಕಿದ್ದೋ, ಪ್ರಮಾಣಪತ್ರಕ್ಕೆ ಸಿಕ್ಕಿದ್ದೋ? ಸಮಾನ ಅನುಭವ ಇರುವವರನ್ನು ಮಾತ್ರ ಹೋಲಿಸದೆ ಉತ್ತರ ದೊರೆಯದು. ಒಂದು ಚರಾಂಶದ ಪರಿಣಾಮ ತಿಳಿಯಬೇಕಾದರೆ ಉಳಿದವನ್ನು ಸ್ಥಿರವಾಗಿಡಬೇಕು ಎಂಬುದು ಬಾಯ್ಲನ ನಿಯಮದ ಪ್ರಯೋಗ ಮಾಡುವ ವಿದ್ಯಾರ್ಥಿಗೂ ಗೊತ್ತು. ಅನುಭವವೇ ಇಲ್ಲದ ಹೊಸ ಪದವೀಧರನಿಗೆ ಆ ಸಾಲು ಏನನ್ನೂ ಹೇಳುವುದಿಲ್ಲ.

ಡಾಲರ್ ಸಂಬಳವನ್ನು ವಿನಿಮಯ ದರದಿಂದ ಗುಣಿಸಿ ರೂಪಾಯಿಯಲ್ಲಿ ಕನಸು ಕಾಣುವುದೂ ಇಂತಹದೇ ತಪ್ಪು. ಅಲ್ಲಿನ ಸಂಬಳದ ಜೊತೆಗೆ ಅಲ್ಲಿನ ಮನೆಬಾಡಿಗೆಯನ್ನೂ ಆಸ್ಪತ್ರೆಯ ಖರ್ಚನ್ನೂ ಗುಣಿಸಬೇಕಾಗುತ್ತದೆ.

ಅಧ್ಯಾಪಕರು ಮಾಡಬಹುದಾದದ್ದು

ಸಂಬಳದ ಯಾವುದೇ ನಕ್ಷೆ ಸಿಕ್ಕಿದಾಗ ತರಗತಿಯಲ್ಲಿ ಐದು ಪ್ರಶ್ನೆಗಳನ್ನು ಬರೆಸಿ. ಎಷ್ಟು ಜನರನ್ನು ಕೇಳಲಾಯಿತು, ಎಷ್ಟು ಜನ ಉತ್ತರಿಸಿದರು? ಅವರನ್ನು ಆಯ್ದದ್ದು ಹೇಗೆ? ಕೊಟ್ಟಿರುವುದು ಸರಾಸರಿಯೋ ಮಧ್ಯಾಂಕವೋ? ಹಣದುಬ್ಬರವನ್ನು ಕಳೆದಿದ್ದಾರೆಯೇ? ಹೋಲಿಸಿದ ಗುಂಪುಗಳ ಅನುಭವ ಸಮಾನವೇ? ಹತ್ತನೆಯ ತರಗತಿಯ ಗಣಿತ ಇದಕ್ಕೆ ಸಾಕು.

ಕಟ್ಟಡ ಕುಸಿದರೂ ಮಾಹಿತಿ ಉಳಿಯುವಂತೆ ಮಾಡುವ ಕೆಲಸ ಸಮಾಜಕ್ಕೆ ಬೇಕು. ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ಓದಿದವರಿಗೆ ಅದರಲ್ಲಿ ಒಳ್ಳೆಯ ಅವಕಾಶವೂ ಇದೆ. ಆಸಕ್ತಿಯಿರುವ ವಿದ್ಯಾರ್ಥಿ ಮೊದಲು ಕಂಪ್ಯೂಟರ್ ಜಾಲ, ದತ್ತಾಂಶ ಸಂಗ್ರಹ, ಸಂಭವನೀಯತೆ ಇವುಗಳನ್ನು ಗಟ್ಟಿಯಾಗಿ ಕಲಿಯಲಿ. ಒಂದೆರಡು ವರ್ಷ ಕೆಲಸ ಮಾಡಿದ ಮೇಲೆ, ಬೇಕೆನಿಸಿದರೆ, ಪ್ರಮಾಣಪತ್ರಕ್ಕೆ ಹಣ ಕಟ್ಟಲಿ. ಹೇಗೂ ಅನುಭವವಿಲ್ಲದೆ ಮೇಲಿನ ದರ್ಜೆ ಸಿಗುವುದಿಲ್ಲ.